ಹತ್ತು ಜನ ಸೇರದ ದಿನಗಳು

ದೀಪಾಂಜಲಿ ನಗರದ ಮೆಟ್ರೊ ನಿಲ್ದಾಣದಲ್ಲಿ ಇಳಿದು ಮೈಸೂರು ರಸ್ತೆಗೆ ಬಂದರೆ ಮೊದಲು ಕಿವಿಗೆ ಬೀಳುವುದು ಬಸ್ಸುಗಳ ಸದ್ದು. ಒಂದೆಡೆ ಬಿ.ಎಚ್.ಇ.ಎಲ್. ಕಾರ್ಖಾನೆ, ಹತ್ತಿರದಲ್ಲೇ ಗಾಳಿ ಆಂಜನೇಯನ ಗುಡಿ, ಪಕ್ಕದಲ್ಲಿ ಈಗ ಮೋರಿಯಂತಾಗಿರುವ ವೃಷಭಾವತಿ. ಮೈಸೂರಿಗೆ ಹೋಗುವವರು, ಮಾರುಕಟ್ಟೆಗೆ ಹೋಗುವವರು, ಶಾಲೆ ಕಾಲೇಜಿನ ಮಕ್ಕಳು ಎಲ್ಲರೂ ಈ ದಾರಿಯವರೇ. ಆದರೆ ದಿನವೂ ಇಲ್ಲಿ ಓಡಾಡುವವರಲ್ಲೂ ಹೆಚ್ಚಿನವರಿಗೆ ತಿಳಿಯದ ಒಂದು ಜಾಗ ಮೈಸೂರು ರಸ್ತೆಯಲ್ಲಿದೆ. ಅದು ಯೆಹೂದಿಗಳ ಸ್ಮಶಾನ.

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1904ರಲ್ಲಿ, ಮಹಾರಾಜರು ಕೊಟ್ಟ ನೆಲದಲ್ಲಿ ಈ ಸ್ಮಶಾನ ಆರಂಭವಾಯಿತು. ಕೆಲವೇ ಡಜನ್ ಸಮಾಧಿಗಳು. ಕಲ್ಲುಗಳ ಮೇಲೆ ಹೀಬ್ರೂ ಅಕ್ಷರಗಳು. ಕೊಂಕಣ ತೀರದ ಬೆನೆ ಇಸ್ರೇಲಿ ಯೆಹೂದಿಗಳಲ್ಲಿ ಅನೇಕರು ಬ್ರಿಟಿಷರ ಸೈನ್ಯದಲ್ಲಿದ್ದು ದಂಡಿನ ಪ್ರದೇಶಕ್ಕೆ ಬಂದವರು. ಬಾಗ್ದಾದ್ ಕಡೆಯಿಂದ ಬಂದವರೂ ಇದ್ದರು. ಕಮರ್ಷಿಯಲ್ ರಸ್ತೆಯಲ್ಲಿದ್ದ ರೂಬಿನ್ ಮೋಸಸ್ ಅವರ ಪಾದರಕ್ಷೆ ಅಂಗಡಿ ಹಳೆಯ ಬೆಂಗಳೂರಿಗರಿಗೆ ನೆನಪಿರಬಹುದು. ಇಷ್ಟಿದ್ದರೂ ಮುಂಬಯಿ, ಕೊಚ್ಚಿಗಳಲ್ಲಿರುವಂಥ ಹಳೆಯ ಸಿನಗಾಗ್ ಕಟ್ಟಡ ಬೆಂಗಳೂರಿಗೆ ಒದಗಲಿಲ್ಲ. ಮನೆಯೇ ಪ್ರಾರ್ಥನಾ ಮಂದಿರವಾಯಿತು.

ಕಟ್ಟಡವಿಲ್ಲದೆ ಹೇಗೆ ಎಂದು ಮಕ್ಕಳು ಕೇಳಬಹುದು. ಯೆಹೂದಿ ಧರ್ಮದಲ್ಲಿ ಸಾಮೂಹಿಕ ಪ್ರಾರ್ಥನೆಗೆ ಕಟ್ಟಡಕ್ಕಿಂತ ಮುಖ್ಯವಾದದ್ದು ಸಂಖ್ಯೆ. ಹದಿಮೂರು ವರ್ಷ ದಾಟಿದ ಹತ್ತು ಮಂದಿ ಒಟ್ಟಿಗೆ ಸೇರಬೇಕು. ಸಂಪ್ರದಾಯಸ್ಥರು ಗಂಡಸರನ್ನು ಮಾತ್ರ ಎಣಿಸುತ್ತಾರೆ. ಸುಧಾರಣಾವಾದಿ ಪಂಥಗಳು ಹೆಂಗಸರನ್ನೂ ಎಣಿಸುತ್ತವೆ. ಈ ಹತ್ತರ ಕೂಟಕ್ಕೆ ಮಿನ್ಯಾನ್ ಎಂದು ಹೆಸರು. ಒಂಬತ್ತು ಜನರಿದ್ದರೆ ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಪ್ರಾರ್ಥಿಸಬಹುದು. ಆದರೆ ತೋರಾ ಗ್ರಂಥದ ಸುರುಳಿ ಬಿಚ್ಚಿ ಸಭೆಯಲ್ಲಿ ಓದುವಂತಿಲ್ಲ; ತೀರಿಕೊಂಡವರಿಗಾಗಿ ಹೇಳುವ ಕದ್ದಿಷ್ ಪ್ರಾರ್ಥನೆಯನ್ನೂ ಹೇಳುವಂತಿಲ್ಲ.

ತಲೆ ಎಣಿಸುವುದೂ ಅವರಲ್ಲಿ ಒಳ್ಳೆಯದಲ್ಲ. ಒಂದು, ಎರಡು ಎನ್ನುವ ಬದಲು ಹತ್ತು ಪದಗಳಿರುವ ಧರ್ಮವಾಕ್ಯವೊಂದನ್ನು ತಲೆಗೊಂದು ಪದದಂತೆ ಹೇಳುತ್ತಾರೆ. ನಮ್ಮ ರೈತರು ಕಣದಲ್ಲಿ ರಾಗಿ ಅಳೆಯುವಾಗ 'ಒಂದು' ಎನ್ನದೆ 'ಲಾಭ' ಎಂದು ಶುರು ಮಾಡುವುದನ್ನು ಬಲ್ಲವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಾಗಿಲ್ಲ.

2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಕಾರಣಕ್ಕೆ ದೇಶಕ್ಕೆಲ್ಲ ಬೀಗ ಬಿದ್ದಾಗ ಈ ಹತ್ತರ ಲೆಕ್ಕವೇ ತಪ್ಪಿತು. ಮೈಸೂರು ರಸ್ತೆಯೂ ಮೌನವಾಯಿತು. ಮೆಟ್ರೊ ನಿಂತಿತು. ಏಪ್ರಿಲ್ 10ರಂದು ದೀಪಾಂಜಲಿ ನಗರಕ್ಕೆ ಸಮೀಪದ ಬಾಪೂಜಿನಗರ, ಪಾದರಾಯನಪುರ ವಾರ್ಡ್‌ಗಳನ್ನು ಸಂಪೂರ್ಣ ಮುಚ್ಚಲಾಯಿತು. ಗುಡಿ, ಮಸೀದಿ, ಚರ್ಚು ಯಾವುದಕ್ಕೂ ಭಕ್ತರಿಗೆ ಪ್ರವೇಶವಿರಲಿಲ್ಲ. ಆಂಜನೇಯನ ಭಕ್ತರು ಮನೆಯ ದೇವರ ಮುಂದೆ ದೀಪ ಹಚ್ಚಿ ಕೈಮುಗಿದರು. ಹತ್ತು ಜನರ ನಿಯಮವಿರುವವರು ಏನು ಮಾಡಬೇಕು?

ದೊಡ್ಡ ಸಮುದಾಯವಿರುವ ಊರುಗಳಲ್ಲಿ ಇದು ಕೆಲವು ತಿಂಗಳ ಕಷ್ಟ. ಸಣ್ಣ ಸಮುದಾಯಕ್ಕೆ ಹಾಗಲ್ಲ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗ್ ಇದೆ. ಅಲ್ಲಿನವರು ಬಹುಪಾಲು ಇಸ್ರೇಲಿಗೆ ವಲಸೆ ಹೋದ ಮೇಲೆ ಹತ್ತು ಜನ ತುಂಬಲು ಹೊರಗಿನಿಂದ ಬರುವ ಯೆಹೂದಿ ಪ್ರವಾಸಿಗಳನ್ನೇ ಕಾಯಬೇಕಾಯಿತು. ವಿಮಾನಗಳು ನಿಂತ ಮೇಲೆ ಪ್ರವಾಸಿಗಳೆಲ್ಲಿ?

ಆ ವರ್ಷ ಏಪ್ರಿಲ್ 8ರ ಸಂಜೆ ಪಾಸೋವರ್ ಹಬ್ಬ ಬಂತು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಕಥೆಯನ್ನು ಮನೆಮಂದಿಯೆಲ್ಲ ಊಟದ ಮೇಜಿನ ಸುತ್ತ ಕುಳಿತು ಹೇಳಿಕೊಳ್ಳುವ ಹಬ್ಬವದು. ಪ್ರಶ್ನೆ ಕೇಳಿ ಕಥೆ ಆರಂಭಿಸಬೇಕಾದವರು ಮನೆಯ ಅತಿ ಕಿರಿಯರು. ಅಜ್ಜ ಅಜ್ಜಿ ಒಂದು ಮನೆ, ಮೊಮ್ಮಕ್ಕಳು ಇನ್ನೊಂದು ಮನೆ ಆಗಿದ್ದಾಗ ಪ್ರಶ್ನೆ ಯಾರು ಕೇಳಬೇಕು, ಯಾರನ್ನು ಕೇಳಬೇಕು? ಕುಟುಂಬಗಳು ಕಂಪ್ಯೂಟರಿನ ಜೂಮ್ ಪರದೆಯ ಮೂಲಕ ಸೇರಬಹುದೆಂದು ಇಸ್ರೇಲಿನ ಕೆಲವು ರಬ್ಬಿಗಳು ಅಪ್ಪಣೆ ಕೊಟ್ಟರು. ಹಬ್ಬದ ದಿನ ವಿದ್ಯುತ್ ಉಪಕರಣ ಬಳಸಬಾರದೆಂಬ ನಿಯಮವನ್ನು ಮುಂದಿಟ್ಟು ಮುಖ್ಯ ಧರ್ಮಪೀಠ ಅದನ್ನು ಒಪ್ಪಲಿಲ್ಲ. ಅಮೆರಿಕದ ಕನ್ಸರ್ವೆಟಿವ್ ಪಂಥದವರು ತುರ್ತುಕಾಲಕ್ಕೆಂದು ಪರದೆಯ ಮೇಲಿನ ಮಿನ್ಯಾನ್‌ಗೆ ಅವಕಾಶ ಕೊಟ್ಟರು. ಸಂಪ್ರದಾಯಸ್ಥರು ಅದಕ್ಕೂ ಒಪ್ಪದೆ, ಎದುರುಬದುರು ಮನೆಗಳ ಬಾಲ್ಕನಿ, ಅಂಗಳಗಳಲ್ಲಿ ದೂರ ದೂರ ನಿಂತು ಒಬ್ಬರ ದನಿಗೆ ಇನ್ನೊಬ್ಬರು ದನಿಗೂಡಿಸಿದರು. ಸಿನಗಾಗ್ ನಡೆಸುವವರ ಕೆಲಸ ಬಾಗಿಲು ಮುಚ್ಚಿದ ಮೇಲೆ ಹೆಚ್ಚಾಯಿತು. ಒಂಟಿ ವೃದ್ಧರ ಪಟ್ಟಿ ಮಾಡಿ ದಿನವೂ ಫೋನಿನಲ್ಲಿ ವಿಚಾರಿಸುವುದು, ಹಬ್ಬದ ಹುಳಿಯಿಲ್ಲದ ರೊಟ್ಟಿಯನ್ನು ಹೊಸ್ತಿಲಿಗೆ ತಲುಪಿಸುವುದು ಅವರ ಪಾಲಿಗೆ ಬಂತು.

ನಿಯಮ ಸಡಿಲಿಸಿದ್ದು ಧರ್ಮಕ್ಕೆ ಬಗೆದ ಅಪಚಾರವೇ? ಜೀವ ಉಳಿಸುವ ಕರ್ತವ್ಯ ಸಬ್ಬತ್ ದಿನದ ಕಟ್ಟಳೆಯನ್ನೂ ಮೀರಿದ್ದು ಎಂಬ ಮಾತು ಅವರ ಧರ್ಮಶಾಸ್ತ್ರದಲ್ಲೇ ಇದೆ. ಇದಕ್ಕೆ ಹಳೆಯ ಮೇಲ್ಪಂಕ್ತಿಯೂ ಉಂಟು. 1831ರಲ್ಲಿ, ಇಂದು ಪೋಲೆಂಡಿಗೆ ಸೇರಿರುವ ಪೋಜ್ನಾನ್ ಪಟ್ಟಣಕ್ಕೆ ಕಾಲರಾ ಬಂದಾಗ ಅಲ್ಲಿನ ರಬ್ಬಿ ಅಕಿವ ಐಗರ್ ಒಂದು ವ್ಯವಸ್ಥೆ ಮಾಡಿದರು. ಸಿನಗಾಗಿನಲ್ಲಿ ಒಂದು ಸಲಕ್ಕೆ ಸುಮಾರು ಹದಿನೈದು ಜನ ಮಾತ್ರ. ಅವರು ಮುಗಿಸಿ ಹೊರಬಂದ ಮೇಲೆ ಮುಂದಿನ ತಂಡ. ನೂಕುನುಗ್ಗಲಾಗದಂತೆ ಬಾಗಿಲಲ್ಲಿ ಪೊಲೀಸು. ಪ್ರಷ್ಯದ ಅರಸರೇ ಅವರನ್ನು ಪ್ರಶಂಸಿಸಿ ಪತ್ರ ಕಳಿಸಿದರು. ಹತ್ತರ ನಿಯಮಕ್ಕೆ ಭಂಗವಿಲ್ಲ, ರೋಗಕ್ಕೆ ಎಡೆಯೂ ಇಲ್ಲ.

ಕನ್ನಡ ನಾಡಿಗೂ ಇಂಥ ಕಾಲ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಪೇಟೆಯ ಮನೆಗಳನ್ನು ಬಿಟ್ಟು ಬಯಲಿಗೆ ಹೋದರು. ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. ಅದೇ ವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಮಂದಿಗೆ ಪ್ಲೇಗಿನ ಚುಚ್ಚುಮದ್ದು ಹಾಕಲಾಯಿತು. ಆ ಲಸಿಕೆಯನ್ನು ಮುಂಬಯಿಯಲ್ಲಿ ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡು ನೋಡಿದವರು ವಾಲ್ಡೆಮಾರ್ ಹಾಫ್‌ಕಿನ್. ಒಡೆಸ್ಸಾದಲ್ಲಿ ಹುಟ್ಟಿದ ಅವರೂ ಯೆಹೂದಿಯೇ.

ಕೊರೊನಾ ದಿನಗಳಲ್ಲಿ ಅತಿ ಕಠಿಣವಾದದ್ದು ಸಾವಿನ ವೇಳೆ. ಯೆಹೂದಿಗಳು ಶವವನ್ನು ಶಾಸ್ತ್ರೋಕ್ತವಾಗಿ ತೊಳೆದು, ಸಾದಾ ಬಿಳಿಬಟ್ಟೆ ತೊಡಿಸಿ, ಆದಷ್ಟು ಬೇಗ ಮಣ್ಣು ಮಾಡುತ್ತಾರೆ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಸೂಚನೆಯಂತೆ ಕೊರೊನಾದಿಂದ ಸತ್ತವರ ದೇಹಕ್ಕೆ ಸ್ನಾನ ಮಾಡಿಸುವಂತಿಲ್ಲ, ಅಪ್ಪಿಕೊಳ್ಳುವಂತಿಲ್ಲ. ದೇಹ ಮುಟ್ಟದೆ ಮಂತ್ರ ಹೇಳಬಹುದು, ಅಷ್ಟೆ. ಈ ನೋವು ಯಾವ ಒಂದು ಮತದವರದೂ ಅಲ್ಲ. ದೂರದಿಂದಲೇ ಅಪ್ಪ ಅಮ್ಮನಿಗೆ ಕೈಮುಗಿದು ಬಂದ ಮಕ್ಕಳು ಈ ರಸ್ತೆಯ ಆಚೀಚಿನ ಬಡಾವಣೆಗಳಲ್ಲೂ ಇದ್ದಾರೆ. ತಂದೆ ತಾಯಿ ತೀರಿದರೆ ಯೆಹೂದಿ ಮಕ್ಕಳು ಹನ್ನೊಂದು ತಿಂಗಳು ಕದ್ದಿಷ್ ಹೇಳಬೇಕು. ಅದರಲ್ಲಿ ಸಾವಿನ ಮಾತೇ ಇಲ್ಲ. ಇರುವುದು ದೇವರ ಸ್ತುತಿ, ಶಾಂತಿಯ ಬೇಡಿಕೆ. ದುಃಖದಲ್ಲಿರುವವರು ಒಬ್ಬರೇ ಕೂರಬಾರದು, ಒಂಬತ್ತು ಮಂದಿಯಾದರೂ ಬಂದು ಜೊತೆಗೆ ನಿಲ್ಲಬೇಕು ಎಂಬ ಕಾಳಜಿ ಹತ್ತರ ನಿಯಮದಲ್ಲಿ ಅಡಗಿದೆ ಎನ್ನಬಹುದು. ಆ ನಿಯಮದ ಬೆಲೆ ತಿಳಿದದ್ದು ಹತ್ತು ಜನ ಸೇರಲಾಗದ ದಿನಗಳಲ್ಲೇ.

2020ರ ಜೂನ್ 8ರಿಂದ ರಾಜ್ಯದಲ್ಲಿ ದೇವಾಲಯ, ಮಸೀದಿಗಳ ಬಾಗಿಲು ತೆರೆದವು. ಸೆಪ್ಟೆಂಬರ್ 7ರಂದು ದೀಪಾಂಜಲಿ ನಗರಕ್ಕೆ ಮತ್ತೆ ಮೆಟ್ರೊ ಬಂತು. ರಸ್ತೆ ಹಳೆಯ ಗದ್ದಲಕ್ಕೆ ಮರಳಿತು.

ಊರಿನ ಚರಿತ್ರೆಯಲ್ಲಿ ಆಸಕ್ತಿಯುಳ್ಳ ಮಕ್ಕಳನ್ನು ತಂದೆ ತಾಯಂದಿರು ಈ ಸ್ಮಶಾನಕ್ಕೆ ಕರೆದೊಯ್ಯಬಹುದು. ಮುಂಚೆಯೇ ಒಪ್ಪಿಗೆ ಪಡೆದು, ಶನಿವಾರ ಬಿಟ್ಟು ಹೋಗುವುದು ಉಚಿತ; ಅದು ಅವರ ಸಬ್ಬತ್. ಹೂವು ಕೊಂಡೊಯ್ಯಬೇಕಾಗಿಲ್ಲ. ಬಂದವರು ಸಮಾಧಿಯ ಮೇಲೆ ಸಣ್ಣ ಕಲ್ಲೊಂದನ್ನು ಇಟ್ಟು ಹೋಗುವುದು ಯೆಹೂದಿಗಳ ವಾಡಿಕೆ. ಹೂವಿನಂತೆ ಅದು ಬಾಡುವುದಿಲ್ಲ. ಯಾರೋ ಬಂದು ನೆನೆದು ಹೋದರು ಎಂದು ಮುಂದೆ ಬರುವವರಿಗೆ ತಿಳಿಸುತ್ತ ಅಲ್ಲೇ ಇರುತ್ತದೆ.