ಪುಕ್ಕಟೆ ಗಾಳಿ, ಬುಕ್ಕಿಂಗ್ ಗ್ಯಾಸು

ಗಾಳಿ ಬೇರೆ, ಗ್ಯಾಸು ಬೇರೆ ಎಂಬುದನ್ನು ನಮ್ಮ ಬೆಳಕವಾಡಿಯವರು ಯಾವ ಮೇಷ್ಟರಿಂದಲೂ ಕಲಿತವರಲ್ಲ. ಗಾಳಿ ತಾನಾಗಿ ಬರುತ್ತದೆ, ಗ್ಯಾಸಿಗೆ ಬುಕ್ ಮಾಡಿ ಕಾಯಬೇಕು. ಗಾಳಿ ಇಲ್ಲದಿದ್ದರೆ ಜಗಲಿಗೆ ಬಂದು ಕೂರುತ್ತೇವೆ, ಗ್ಯಾಸು ಇಲ್ಲದಿದ್ದರೆ ಪಕ್ಕದ ಮನೆಯ ಬಾಗಿಲಲ್ಲಿ ಹೋಗಿ ನಿಲ್ಲುತ್ತೇವೆ. ಇಷ್ಟು ತಿಳಿದಿದ್ದರೆ ಸಂಸಾರ ನಡೆಯುತ್ತದೆ.

ವಿಜ್ಞಾನದ ಪುಸ್ತಕ ಮಾತ್ರ ಇದನ್ನು ಒಪ್ಪುವುದಿಲ್ಲ. ಅದರ ಲೆಕ್ಕದಲ್ಲಿ ಗಾಳಿಯೂ ಗ್ಯಾಸೇ. ಹಲವು ಗ್ಯಾಸುಗಳ ಕೂಡುಕುಟುಂಬ. ನೂರರಲ್ಲಿ 78 ಪಾಲು ಸಾರಜನಕ. ಮನೆ ತುಂಬ ಅವನೇ ಇದ್ದರೂ ಯಾವ ಕೆಲಸಕ್ಕೂ ಕೈ ಹಾಕದ ದೊಡ್ಡಣ್ಣ. 21 ಪಾಲಿನ ಆಮ್ಲಜನಕವೇ ದುಡಿಯುವವನು. ಮಿಕ್ಕ ಒಂದು ಪಾಲಿನಲ್ಲಿ ಆರ್ಗಾನ್ ಮೊದಲಾದ ದಾಯಾದಿಗಳು.

ಈ ಲೆಕ್ಕ ಗೊತ್ತಿಲ್ಲದೆಯೇ ನಮ್ಮಜ್ಜಿ ಅದನ್ನು ಚೆನ್ನಾಗಿ ಬಳಸಿಕೊಂಡಿದ್ದಳು. ಅವಳ ಒಲೆಯ ಪಕ್ಕದಲ್ಲಿ ಒಂದು ಕಬ್ಬಿಣದ ಊದುಗೊಳವೆ. ರೇಷ್ಮೆಹುಳಕ್ಕೆ ಸೊಪ್ಪು ಬಿಡಿಸಿ ಉಳಿದ ಹಿಪ್ಪುನೇರಳೆ ಕಡ್ಡಿ ಹಸಿಯಾಗಿದ್ದರೆ ಬರೀ ಹೊಗೆ. ಅಜ್ಜಿ ಎದೆ ತುಂಬ ಉಸಿರೆಳೆದು ಕೊಳವೆಗೆ ಬಾಯಿಟ್ಟು ಊದಿದಳೆಂದರೆ ಹಿಟ್ಟಿನೆಸರು ಕುದಿಯಲೇಬೇಕು. ನಾವು ಆಚೆ ಬಿಡುವ ಉಸಿರಿನಲ್ಲಿ ಇನ್ನೂ 16 ಪಾಲು ಆಮ್ಲಜನಕ ಮಿಕ್ಕಿರುತ್ತದಂತೆ. ಎಂದರೆ ತಾನು ಉಸಿರಾಡಿ ಮಿಕ್ಕದ್ದನ್ನು ಒಲೆಗೆ ಬಡಿಸುತ್ತಿದ್ದಳು. ಮೊದಲು ಗಂಡಸರು, ಮಕ್ಕಳು, ಆಮೇಲೆ ತಾನು ಎಂದು ಬಾಳಿದವಳು ಮೊದಲ ಪಂಕ್ತಿಯಲ್ಲಿ ಕೂತದ್ದು ಅದೊಂದಕ್ಕೇ. ನಮ್ಮೂರ ಹೆಸರು ಹೊತ್ತ ಬೆಳಕವಾಡಿ ಶ್ರೀನಿವಾಸಯ್ಯಂಗಾರ್ಯರು ಗಾಳಿಯನ್ನೇ ಬಂಡವಾಳ ಮಾಡಿಕೊಂಡು ಮೈಸೂರಿನ ಆಸ್ಥಾನದಲ್ಲಿ ಹಾಡಿದರು. ಅಜ್ಜಿಯ ಉಸಿರೆಲ್ಲ ಮುದ್ದೆಗೇ ಖರ್ಚಾಯಿತು.

ಮದುವೆಯ ದಿಬ್ಬಣಕ್ಕೆ ಗ್ಯಾಸ್ ಲೈಟು ಬರುತ್ತಿತ್ತು. ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿತು, ಆದರೆ ಹುಟ್ಟಿದ್ದೇ ತಡ ಕೋಲಾರದ ಚಿನ್ನದ ಗಣಿಗೆ ಓಡಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ನಮ್ಮ ಮದುಮಗನ ಮುಖ ಮಾತ್ರ ಗ್ಯಾಸ್ ಲೈಟಿನಲ್ಲೇ ಕಾಣಬೇಕು. ಆ ಲೈಟಿಗೆ ಹೊರಗಿನಿಂದ ಯಾವ ಗ್ಯಾಸೂ ಹಾಕುತ್ತಿರಲಿಲ್ಲ. ಹಾಕುತ್ತಿದ್ದುದು ಸೀಮೆಎಣ್ಣೆ, ಪಂಪು ಒತ್ತಿ ತುಂಬಿದ ಗಾಳಿ ಆ ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತಿತ್ತು, ಎಣ್ಣೆ ಕಾದು ಆವಿಯಾಗಿ ಮ್ಯಾಂಟಲಿನೊಳಗೆ ಉರಿಯುತ್ತಿತ್ತು. ಬೆಳಕು ಮಂಕಾದರೆ ದಿಬ್ಬಣವನ್ನೇ ನಿಲ್ಲಿಸಿ ಒಬ್ಬ ಪಂಪು ಒತ್ತುತ್ತಿದ್ದ. ಅಷ್ಟು ಹೊತ್ತು ಮದುಮಗನಿಗಿಂತ ಅವನೇ ದೊಡ್ಡ ಮನುಷ್ಯ.

ಕಡೆಗೊಮ್ಮೆ ಮನೆಗೆ ನಿಜವಾದ ಗ್ಯಾಸು ಬಂತು. ಅಪ್ಪ ನಾಬ್ ತಿರುಗಿಸಿ ಕಡ್ಡಿ ಗೀರಿದರು. ಅಜ್ಜಿ ದೂರದಲ್ಲೇ ಕೂತು ನೋಡಿ, “ಊದ್ದೆ ಉರಿಯೋದು ಒಂದು ಉರಿಯೇನ್ಲಾ?” ಎಂದಳು. ಕೆಲಸ ಕಳೆದುಕೊಂಡವರ ಮಾತು ಎಲ್ಲ ಕಾಲಕ್ಕೂ ಹೀಗೇ ಇರುತ್ತದೆ. ಆಮೇಲೆ ಅವಳು ಬೇರೊಂದು ಕೆಲಸ ಹಿಡಿದಳು. ಅಡುಗೆ ಗ್ಯಾಸಿಗೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದು ನಾತದ ಮರ್‌ಕ್ಯಾಪ್ಟನ್ ಬೆರೆಸುತ್ತಾರೆ. ಗಾಳಿಗಿಂತ ಭಾರವಾದ್ದರಿಂದ ಅದು ನೆಲದ ಮೇಲೇ ಹರಡಿಕೊಳ್ಳುತ್ತದೆ. ನೆಲದ ಮೇಲೆ ಕೂರುತ್ತಿದ್ದವಳು ಅಜ್ಜಿಯೊಬ್ಬಳೇ. “ಎಲ್ಲೋ ಕೋಸು ಕೊಳೆತದೆ, ವಸಿ ನೋಡ್ರೋ” ಎಂದು ಅವಳು ಕೂಗಿದಳೆಂದರೆ ಅಮ್ಮ ಓಡಿಹೋಗಿ ರೆಗ್ಯುಲೇಟರ್ ತಿರುಗಿಸುತ್ತಿದ್ದಳು.

ಸಿಲಿಂಡರ್ ಹೊತ್ತು ತರುವವನು ಪ್ರತಿ ಸಲವೂ ನಡು ಹಿಡಿದುಕೊಂಡು ಕಾಫಿ ದುಡ್ಡು ಕೇಳುತ್ತಿದ್ದ. ಒಳಗಿರುವುದು 14.2 ಕಿಲೋ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯಲ್ಲಿ ಇರುವ ಗಾಳಿಯೇ ಹೆಚ್ಚುಕಡಿಮೆ 34 ಕಿಲೋ ತೂಗುತ್ತದೆ. ಎರಡು ಸಿಲಿಂಡರಿನ ಗ್ಯಾಸಿಗಿಂತ ಹೆಚ್ಚಿನ ಸರಕು ಬುಕ್ಕಿಂಗಿಲ್ಲದೆ ಬಂದು ಬಿದ್ದಿದೆ. ತಂದವನು ಕಾಫಿಯನ್ನೂ ಕೇಳಲಿಲ್ಲ.

ಹೊಟ್ಟೆಯ ಗ್ಯಾಸಿನ ವಿಷಯ ಅವರೆಕಾಯಿ ಕಾಲಕ್ಕೆ ಇರಲಿ. ಗ್ಯಾಸು ಹೋಗಲೆಂದು ಗೋಲಿ ಸೋಡಾ ಕುಡಿದು ಇನ್ನಷ್ಟು ಗ್ಯಾಸು ತುಂಬಿಕೊಳ್ಳುವವರ ಮುಂದೆ ವಿಜ್ಞಾನ ನಡೆಯುವುದಿಲ್ಲ.

ಈಚೆಗೆ ಊರಿಗೆ ಹೋಗುವಾಗ ಮಳವಳ್ಳಿಯ ಹತ್ತಿರ ಟೈರಿನಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಹುಡುಗ ಕೇಳಿದ, “ಗಾಳಿನಾ ಸಾ, ನೈಟ್ರೋಜನ್ನಾ?” ನೈಟ್ರೋಜನ್ ಹಾಕಿದರೆ ಬೇಗ ಇಳಿಯುವುದಿಲ್ಲವಂತೆ; ಅದಕ್ಕೆ ಚಕ್ರಕ್ಕಿಷ್ಟು ಎಂದು ರೇಟು. ನನ್ನೊಳಗಿನ ಪುಸ್ತಕ ಎದ್ದು ಕೂತಿತು. “ಗಾಳಿಯಲ್ಲೇ ನೂರಕ್ಕೆ 78 ನೈಟ್ರೋಜನ್ ಇದೆಯಲ್ಲಪ್ಪ. ಮಿಕ್ಕ 22ಕ್ಕೆ ಮಾತ್ರ ದುಡ್ಡು ತಗೋ.”

ಹುಡುಗ ತಲೆ ಎತ್ತಲೂ ಇಲ್ಲ. “ಆ 22 ತೆಗೆಯಾಕೇ ಸಾ ದುಡ್ಡು.”

ಅವನು ತೆಗೆಯುತ್ತೇನೆಂದ 22ರಲ್ಲಿ 21 ಪಾಲು ಆಮ್ಲಜನಕ. 2021ರ ಮೇ ತಿಂಗಳಲ್ಲಿ ಹೊಳೆಯಾಚೆಯ ಚಾಮರಾಜನಗರದಲ್ಲಿ ಅದು ಸಾಲದೆ ಜನ ಸತ್ತರು. ಇಲ್ಲಿ ಅದು ಬೇಡವೆನ್ನುವುದಕ್ಕೆ ರೇಟು.

“ಗಾಳೀನೇ ಹೊಡಿ” ಎಂದೆ. ನಾಲ್ಕೂ ಚಕ್ರಕ್ಕೆ ಹೊಡೆದ.

“ಎಷ್ಟಾಯ್ತಪ್ಪ?”

“ಗಾಳಿಗೇನ್ ಸಾ, ನಿಮ್ಮಿಷ್ಟ” ಎಂದು ಕೈಯೊಡ್ಡಿ ನಿಂತ.