ಎರಡು ಊರು, ನಾಲ್ಕು ಜನ, ಒಂದು ಲೆಕ್ಕ

ನಮ್ಮ ಕಡೆ ಬಿಕಾಂ ಮುಗಿಸಿ ಎಂಬಿಎ ಸೇರುವ ಹೆಣ್ಣುಮಕ್ಕಳು ಈಗ ಹೆಚ್ಚಾಗಿದ್ದಾರೆ. ಅವರ ಮನೆಗಳಿಂದ ನನಗೆ ಆಗಾಗ ಫೋನ್ ಬರುತ್ತದೆ. "ಎರಡು ತಿಂಗಳು ಪ್ರಾಜೆಕ್ಟ್ ಅಂತೆ, ನಾಲ್ಕು ಜನರ ಟೀಮ್ ಅಂತೆ, ಘಟ್ಟದ ಮೇಲೆ ಯಾವುದೋ ಊರಿಗೆ ಹೋಗಬೇಕಂತೆ. ಹೋಗದಿದ್ದರೆ ಆಗುವುದಿಲ್ಲವಾ?" ಕೇಳುವುದು ಹೆಚ್ಚಾಗಿ ಉಮ್ಮಂದಿರು. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ, ನನ್ನ ಉಮ್ಮನೂ ಇದನ್ನೇ ಕೇಳಿದ್ದರು. ನಾನು ಹೋಗಿ ಬಂದ ಎರಡು ಊರುಗಳ ಕಥೆಯನ್ನು ಇಲ್ಲಿ ಬರೆದರೆ ಅವರಿಗೆ ಉತ್ತರ ಸಿಗಬಹುದು.

ವಿಷಯ ಸರಳ. ಎಂಬಿಬಿಎಸ್ ಓದಿದವರು ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿ ರೋಗಿಗಳನ್ನು ನೋಡಿಯೇ ಡಾಕ್ಟರಾಗುತ್ತಾರೆ. ಹಾಗೆಯೇ ವ್ಯಾಪಾರ ಓದುವವರು ನಿಜವಾದ ವ್ಯಾಪಾರವೊಂದರ ನಿಜವಾದ ತೊಂದರೆಯನ್ನು ತಂಡವಾಗಿ ಕೂತು ನೋಡಬೇಕು, ಹೀಗೆ ಮಾಡಿ ಎಂದು ಹೇಳಬೇಕು, ಯಾಕೆ ಎಂದು ಲೆಕ್ಕ ತೋರಿಸಬೇಕು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲಿನಲ್ಲಿ 1992ರಿಂದ ಇದು ಪಾಠದ ಭಾಗ. ನಮ್ಮ ದೇಶದಲ್ಲಿ ಕುರಿಯನ್ ಅವರು 1979ರಲ್ಲಿ ಗುಜರಾತಿನ ಆಣಂದದಲ್ಲಿ ಕಟ್ಟಿದ ಗ್ರಾಮೀಣ ಮ್ಯಾನೇಜ್‌ಮೆಂಟ್ ಸಂಸ್ಥೆ ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳಿಸುವುದನ್ನೇ ಓದಿನ ಮುಖ್ಯ ಭಾಗ ಮಾಡಿಕೊಂಡಿದೆ. ಈಗ ಸಣ್ಣ ಕಾಲೇಜುಗಳೂ ಈ ದಾರಿ ಹಿಡಿದಿವೆ.

ನಮ್ಮದು 2023ರ ಬೇಸಿಗೆ, ಎಂಟು ವಾರ. ಮೊದಲ ನಾಲ್ಕು ವಾರ ಹಿಂದೂಪುರ, ಆಮೇಲೆ ನಾಲ್ಕು ವಾರ ಕಲ್ಯಾಣದುರ್ಗ. ಹಿಂದಿನ ವರ್ಷವಷ್ಟೇ ಹಳೆಯ ಅನಂತಪುರ ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತ್ತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿದಿತ್ತು. ಹಿಂದೂಪುರದಿಂದ ಮಡಕಶಿರಾ, ಪಾವಗಡದ ದಾರಿಯಲ್ಲಿ ಕಲ್ಯಾಣದುರ್ಗಕ್ಕೆ ಹೋದರೆ ಆಂಧ್ರ ಬಿಟ್ಟು ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೆ ಇಳಿಯುತ್ತೀರಿ. ಅಂಗಡಿಗಳ ಬೋರ್ಡು ತೆಲುಗು, ಕನ್ನಡ, ಮತ್ತೆ ತೆಲುಗು. ಜನರ ಮಾತು ಮಾತ್ರ ಬೋರ್ಡು ನೋಡಿ ಬದಲಾಗುವುದಿಲ್ಲ. ಹಿಂದೂಪುರದ ಮಾರ್ಕೆಟ್ಟಿನಲ್ಲಿ ನಾನು ಕನ್ನಡದಲ್ಲೇ ಬದುಕಿದೆ.

ನಮ್ಮ ತಂಡದಲ್ಲಿ ನಾಲ್ವರು. ಬೆಂಗಳೂರಿನ ಹುಡುಗಿಯ ಮನೆಮಾತು ತೆಲುಗು, ಲೆಕ್ಕದಲ್ಲಿ ಚುರುಕು. ಕಲಬುರಗಿಯ ಹುಡುಗನಿಗೆ ದಖನಿ ಉರ್ದು ನೀರು ಕುಡಿದಷ್ಟು ಸುಲಭ. ದಾವಣಗೆರೆಯವನು ಇಂಜಿನಿಯರಿಂಗ್ ಮುಗಿಸಿ ಬಂದವನು, ಯಂತ್ರ ಕಂಡರೆ ಬಗ್ಗಿ ನೋಡುವವನು. ನಾಲ್ಕನೆಯವಳು ನಾನು, ಬಂದರಿನಲ್ಲಿ ದಿನಸಿ ಅಂಗಡಿ ಇಟ್ಟ ಬ್ಯಾರಿಯ ಮಗಳು. ನಮ್ಮ ಹೆಸರೇ ತುಳುವಿನ 'ಬ್ಯಾರ', ಅಂದರೆ ವ್ಯಾಪಾರದಿಂದ ಬಂದದ್ದು ಎನ್ನುತ್ತಾರಲ್ಲ, ತಂಡದಲ್ಲಿ ನನ್ನನ್ನು ಸೇರಿಸಿಕೊಂಡದ್ದಕ್ಕೆ ಅದೇ ಕಾರಣ ಎಂದು ಉಳಿದವರು ತಮಾಷೆ ಮಾಡುತ್ತಿದ್ದರು.

ಹಿಂದೂಪುರ ಹುಣಸೆಗೆ, ಬೆಲ್ಲಕ್ಕೆ ಹೆಸರಾದ ಪೇಟೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹುಣಸೆಯ ಕಾಲ. ನಮ್ಮ ಕೆಲಸ ಮನೆಯಲ್ಲೇ ಕೂತು ಹುಣಸೆ ಕುಟ್ಟಿ ಬೀಜ ಬಿಡಿಸುವ ಹೆಂಗಸರ ಒಂದು ಗುಂಪಿನ ಜೊತೆ. ಮಂಡಿಯವರು ಕಾಯಿ ಕೊಡುತ್ತಾರೆ, ಇವರು ಬಿಡಿಸಿ ಕೊಡುತ್ತಾರೆ, ಕಿಲೊ ಲೆಕ್ಕದಲ್ಲಿ ಕೂಲಿ. ತಾವೇ ಕಾಯಿ ಕೊಂಡು, ಬಿಡಿಸಿ, ಮಾರಿದರೆ ಹೇಗೆ ಎಂಬುದು ಅವರ ಪ್ರಶ್ನೆ. ರಂಝಾನ್ ತಿಂಗಳು. ಉಪವಾಸ ಹಿಡಿದೇ ಬೆಳಿಗ್ಗೆಯಿಂದ ಅಸರ್‌ವರೆಗೆ ಸುತ್ತಿಗೆ ಹಿಡಿದು ಕೂರುವ ಖಾಲಾಗಳ ಪಕ್ಕ ನಾನೂ ಉಪವಾಸದಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆ. ಇಫ್ತಾರಿಗೆ ಒಂದು ದಿನವೂ ಅವರು ನನ್ನನ್ನು ಒಬ್ಬಳೇ ಬಿಡಲಿಲ್ಲ ಎಂದು ಕೇಳಿದ ಮೇಲೆಯೇ ಉಮ್ಮನಿಗೆ ಸಮಾಧಾನವಾದದ್ದು.

ಹುಣಸೆಯ ಲೆಕ್ಕ ಹೀಗೆ. ನೂರು ಕಿಲೊ ಕಾಯಿಯಲ್ಲಿ ಹುಳಿ ಸುಮಾರು 55 ಕಿಲೊ, ಬೀಜ 34, ಉಳಿದದ್ದು ಸಿಪ್ಪೆ ಮತ್ತು ನಾರು. ಬೀಜಕ್ಕೂ ಬೆಲೆ ಇದೆ, ಅದರ ಪುಡಿ ಬಟ್ಟೆ ಮತ್ತು ಸೆಣಬಿನ ಗಿರಣಿಗಳಲ್ಲಿ ಗಂಜಿ ಹಾಕಲು ಬೇಕು. ಕಾಗದದ ಮೇಲೆ ಲಾಭ ಕಂಡಿತು. ರಾತ್ರಿ ಉಪ್ಪನಿಗೆ ಫೋನ್ ಮಾಡಿ ಸಂಭ್ರಮದಿಂದ ಓದಿ ಹೇಳಿದೆ. ಉಪ್ಪ ಎಲ್ಲ ಕೇಳಿ ಒಂದೇ ಮಾತು ಹೇಳಿದರು: "ಲಾಭ ಎಷ್ಟು ಅಂತ ಆಮೇಲೆ ನೋಡು. ಹಾಕಿದ ಹಣ ಎಷ್ಟು ದಿನ ಕೂತಿರುತ್ತದೆ, ಅದನ್ನು ಮೊದಲು ನೋಡು."

ನೋಡಿದೆವು. ಹುಣಸೆ ಕೊಳ್ಳಬೇಕಾದದ್ದು ಈ ಎರಡು ಮೂರು ತಿಂಗಳಲ್ಲೇ, ಒಳ್ಳೆಯ ಬೆಲೆ ಬರುವುದು ಕಾಲ ಮುಗಿದ ಮೇಲೆ. ಹೊರಗಿಟ್ಟರೆ ಹುಳಿ ಕಪ್ಪಾಗುತ್ತದೆ, ಕಪ್ಪಾದರೆ ದರ ಬೀಳುತ್ತದೆ. ಕೋಲ್ಡ್ ಸ್ಟೋರೇಜಿಗೆ ಇಟ್ಟರೆ ತಿಂಗಳ ಬಾಡಿಗೆ. ಅಲ್ಲಿಯವರೆಗೆ ಈ ಹೆಂಗಸರ ಮನೆ ನಡೆಯುವುದು ದಿನದ ಕೂಲಿಯಿಂದ. ಆದ್ದರಿಂದ ನಾವು ಕೊಟ್ಟ ಸಲಹೆ ಸಣ್ಣದು: ಕೂಲಿ ಕೆಲಸ ಬಿಡಬೇಡಿ. ಉಳಿತಾಯದಲ್ಲಿ ಕಳೆದುಕೊಂಡರೂ ಮನೆ ಮುಳುಗದಷ್ಟು ಹಣಕ್ಕೆ ಮಾತ್ರ ಕಾಯಿ ಕೊಳ್ಳಿ, ಬಿಡಿಸಿ ಅರ್ಧ ಕಿಲೊ ಪೊಟ್ಟಣ ಮಾಡಿ, ಹದಿನೈದು ದಿನದೊಳಗೆ ಮಾರಿ ಹಣ ವಾಪಸ್ ತನ್ನಿ. ಮೊದಲ ಪೊಟ್ಟಣಗಳು ನಮ್ಮ ಅಂಗಡಿಗೇ ಬಂದವು. ಮೀನು ಸಾರಿನ ಊರಿನಲ್ಲಿ ಹುಳಿ ಮಾರುವುದು ಕಷ್ಟವಲ್ಲ.

ಪೆರ್ನಾಲ್‌ಗೆ ಮನೆಗೆ ಬಂದು, ಕಲ್ಯಾಣದುರ್ಗಕ್ಕೆ ಹೋದೆ. ಇಲ್ಲಿ ವಿಷಯ ದೊಡ್ಡದಿತ್ತು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅನಂತಪುರದಲ್ಲಿ ಸುಮಾರು 550. ಆ ಮಳೆಯನ್ನೇ ನಂಬಿದ ಕೆಂಪು ನೆಲದಲ್ಲಿ ಬೆಳೆಯುವುದು ಕಡ್ಲೆಕಾಯಿ, ನಾವು ನೆಲಗಡಲೆ ಎನ್ನುವುದು. ನಮ್ಮನ್ನು ಕರೆದದ್ದು ಒಂದು ರೈತ ಉತ್ಪಾದಕರ ಕಂಪನಿ. 2002ರ ಕಾನೂನು ತಿದ್ದುಪಡಿಯಿಂದ ರೈತರೇ ಷೇರುದಾರರಾಗಿ ಇಂಥ ಕಂಪನಿ ಮಾಡಿಕೊಳ್ಳಬಹುದು. 2020ರಲ್ಲಿ ಕೇಂದ್ರ ಸರ್ಕಾರ ಹತ್ತು ಸಾವಿರ ಸಂಘಗಳ ಯೋಜನೆ ತಂದ ಮೇಲೆ ಎಲ್ಲ ಕಡೆ ಹುಟ್ಟಿದವು. ಈ ಕಂಪನಿಗೆ ಎಣ್ಣೆ ಗಿರಣಿ ಬೇಕಿತ್ತು. ಬ್ಯಾಂಕಿಗೆ ಕೊಡಲು ಒಂದು ವರದಿಯೂ ಬೇಕಿತ್ತು. ಉತ್ತರ ಮೊದಲೇ ತಯಾರಿತ್ತು, ನಾವು ಬರೆದುಕೊಟ್ಟರೆ ಸಾಕಿತ್ತು.

ದಾವಣಗೆರೆಯವನು ಯಂತ್ರಗಳ ದರ ತಂದ, ಬೆಂಗಳೂರಿನವಳು ಹಾಳೆ ತುಂಬಿಸಿದಳು. ಒಳ್ಳೆಯ ವರ್ಷ ನೂರು ಕಿಲೊ ಕಾಯಿ ಸುಲಿದರೆ ಸುಮಾರು 70 ಕಿಲೊ ಬೀಜ. ಸಣ್ಣ ಗಿರಣಿಯಲ್ಲಿ ಬೀಜದ ತೂಕದ ನೂರಕ್ಕೆ ನಲವತ್ತು ಎಣ್ಣೆ ಎಂದು ಹಿಡಿದರೆ 28 ಕಿಲೊ, ಜೊತೆಗೆ ಹಿಂಡಿ. ಮಳೆ ಕೈಕೊಟ್ಟ ವರ್ಷ ಕಾಯಿ ಜೊಳ್ಳು. ಬೀಜ 60ಕ್ಕೆ ಇಳಿದರೆ ಎಣ್ಣೆ 24. ಬ್ಯಾಂಕಿನ ಕಂತು ಮಾತ್ರ ಎರಡೂ ವರ್ಷ ಒಂದೇ. ಅದಕ್ಕಿಂತ ದೊಡ್ಡ ತೊಡಕು ಹಿಂದೂಪುರದಲ್ಲಿ ಕಂಡದ್ದೇ. ಸುಗ್ಗಿ ಬರುವುದು ಅಕ್ಟೋಬರ್, ನವೆಂಬರಿನಲ್ಲಿ. ಸಾಲ ತೀರಿಸಬೇಕಾದ ರೈತ ಕಾಯಿಯನ್ನು ಆಗಲೇ ಮಾರುತ್ತಾನೆ. ಗಿರಣಿ ವರ್ಷವಿಡೀ ಓಡಬೇಕಾದರೆ ವರ್ಷದ ಕಾಯಿಯನ್ನು ಎರಡು ತಿಂಗಳಲ್ಲಿ ನಗದು ಕೊಟ್ಟು ಕೊಳ್ಳಬೇಕು. ಗಿರಣಿ ಕಟ್ಟಲು ಸಾಲ ಸಿಗುತ್ತದೆ. ಗಿರಣಿಯ ಹೊಟ್ಟೆ ತುಂಬಿಸಲು ಯಾರು ಕೊಡುತ್ತಾರೆ?

ಒಂದು ರಾತ್ರಿ ನಾಲ್ವರೂ ಜಗಳವಾಡಿದೆವು. ಇಬ್ಬರ ವಾದ: ಅವರು ಕೇಳಿದ್ದು ಗಿರಣಿಯ ವರದಿ, ಒಳ್ಳೆಯ ಮಳೆಯ ಅಂಕಿ ಹಾಕಿ ಕೊಡೋಣ, ಅವರಿಗೂ ಸಂತೋಷ, ನಮಗೂ ಅಂಕ. ಇನ್ನಿಬ್ಬರ ವಾದ: ಷೇರು ಹಣ ಕೂಡಿಸಿದ್ದು ಕೂಲಿ ಮಾಡಿದ ಹೆಂಗಸರು, ಮುಳುಗಿದರೆ ನಾವು ಇಲ್ಲಿರುವುದಿಲ್ಲ. ಕಲಬುರಗಿಯವನು ಕೊನೆಗೆ ಹೇಳಿದ: "ನಮ್ಮ ಅಪ್ಪನ ರೊಕ್ಕ ಆಗಿದ್ರ ಏನ್ ಬರೀತಿದ್ರಿ?" ಅಲ್ಲಿಗೆ ಜಗಳ ನಿಂತಿತು. ಒಬ್ಬರೇ ಇದ್ದಿದ್ದರೆ ಈ ಪ್ರಶ್ನೆ ಕೇಳುವವರು ಯಾರೂ ಇರುತ್ತಿರಲಿಲ್ಲ. ತಂಡ ಯಾಕೆ ಬೇಕು ಎಂದು ನನಗೆ ತಿಳಿದದ್ದು ಆಗ.

ವರದಿ ಕೊಡುವ ಮೊದಲು ಸದಸ್ಯರ ಸಭೆ ಕೇಳಿದೆವು. ನಡೆಸುವವರಿಗೆ ಇಷ್ಟವಿರಲಿಲ್ಲ, ಆದರೂ ಕೊಟ್ಟರು. ಸ್ಲೈಡ್ ಬಿಟ್ಟು ತಕ್ಕಡಿ ಇಟ್ಟೆವು. ಒಳ್ಳೆಯ ಕಾಯಿ, ಜೊಳ್ಳು ಕಾಯಿ ಎರಡನ್ನೂ ಅಲ್ಲೇ ಸುಲಿದು ತೂಗಿ, ತೆಲುಗಿನಲ್ಲೂ ಕನ್ನಡದಲ್ಲೂ ಲೆಕ್ಕ ಹೇಳಿದೆವು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಎದ್ದು ಕೇಳಿದರು: "ಮಳೆ ಬರದ ವರ್ಷ ಈ ಗಿರಣಿ ಏನು ತಿನ್ನುತ್ತದೆ?" ನಮ್ಮ ನಲವತ್ತು ಪುಟದ ವರದಿಯ ಸಾರ ಅಷ್ಟೇ.

ಗಿರಣಿ ಬೇಡ ಎಂದಷ್ಟೇ ಹೇಳಿ ಬರಲಿಲ್ಲ. ಎಕರೆಗೆ ಬಿತ್ತಲು 50ರಿಂದ 60 ಕಿಲೊ ಬೀಜ ಬೇಕು, ಅದನ್ನು ಜೂನಿನಲ್ಲಿ ದುಬಾರಿ ಬೆಲೆಗೆ, ಎಷ್ಟೋ ಸಲ ಸಾಲಕ್ಕೆ ತರುತ್ತಾರೆ. ಸದಸ್ಯರು ಸುಗ್ಗಿಯಲ್ಲಿ ತಮ್ಮ ಬಿತ್ತನೆಗೆ ಬೇಕಾದ ಕಾಯಿಯನ್ನು ಕಂಪನಿಯ ಗೋದಾಮಿನಲ್ಲಿ ಇಡಲಿ. ಕಂಪನಿ ಬಾಡಿಗೆಯ ಯಂತ್ರದಲ್ಲಿ ಸುಲಿದು, ಆರಿಸಿ, ಸಣ್ಣ ಶುಲ್ಕಕ್ಕೆ ಬಿತ್ತನೆಯ ಹೊತ್ತಿಗೆ ಕೊಡಲಿ. ಇದರಲ್ಲಿ ಕಂಪನಿ ಯಾರಿಗೂ ಹಣ ಕೊಟ್ಟು ಕಾಯಿ ಕೊಳ್ಳಬೇಕಿಲ್ಲ. ಸಭೆ ಗಿರಣಿಯನ್ನು ಮುಂದಕ್ಕೆ ಹಾಕಿತು. ಒಬ್ಬ ನಿರ್ದೇಶಕರು ನಾವು ಹೊರಡುವಾಗ ಮಾತಾಡಲಿಲ್ಲ.

ಆ ವರ್ಷ ಆಗಸ್ಟಿನಲ್ಲಿ ಮಳೆ ಕಣ್ಮರೆಯಾಯಿತು. ನವೆಂಬರಿನ ಹೊತ್ತಿಗೆ ಆಂಧ್ರ ಸರ್ಕಾರ 103 ಮಂಡಲಗಳನ್ನು ಬರಪೀಡಿತ ಎಂದು ಘೋಷಿಸಿತು, ಅನಂತಪುರ ಜಿಲ್ಲೆಯವು ಅದರಲ್ಲಿ ಹಲವು. ಸುದ್ದಿ ಓದಿ ಸಂತೋಷಪಡುವ ಹಾಗಿರಲಿಲ್ಲ. ಬೆಳೆ ಹೋದವರ ತಲೆಯ ಮೇಲೆ ಗಿರಣಿಯ ಕಂತು ಇಲ್ಲವಲ್ಲ ಎಂಬ ಒಂದು ನೆಮ್ಮದಿ ಮಾತ್ರ.

ಆದ್ದರಿಂದ ಉಮ್ಮಂದಿರೇ, ಕಳಿಸಿ. ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿ. ಉಳಿಯುವ ಜಾಗ ಎಲ್ಲಿ, ರಾತ್ರಿ ಯಾರನ್ನು ಕರೆಯಬಹುದು? ಬಸ್ಸು, ಊಟದ ಖರ್ಚು ಯಾರದು? ಸಲಹೆ ಕೇಳುವವರ ಪ್ರಶ್ನೆ ಏನು ಎಂದು ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದಾರೆಯೇ? ಮೂರಕ್ಕೂ ಕಾಲೇಜಿನಿಂದ ಸರಿಯಾದ ಉತ್ತರ ಬಂದರೆ ಹೆದರಬೇಡಿ. ಮಕ್ಕಳಿಗೆ ಒಂದು ಮಾತು: ನಿಮ್ಮ ಉಪ್ಪ ಅಂಗಡಿ ಇಟ್ಟವರಾಗಿದ್ದರೆ, ಮೀನು ಮಾರಿದವರಾಗಿದ್ದರೆ, ದಿನಾ ರಾತ್ರಿ ಅವರಿಗೆ ಫೋನ್ ಮಾಡಿ ಲೆಕ್ಕ ಓದಿ ಹೇಳಿ. ಅವರು ಬೇಗ ತಪ್ಪು ಹಿಡಿಯುತ್ತಾರೆ, ಫೀಸೂ ಕೇಳುವುದಿಲ್ಲ.