ಉಸಿರು ಕಾಯುವ ವಿದ್ಯೆ

ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ೧೯೬೫ರಲ್ಲಿ ಆರಂಭವಾದಾಗ ಆ ಊರು ಚಿತ್ರದುರ್ಗ ಜಿಲ್ಲೆಯ ಒಂದು ವ್ಯಾಪಾರದ ಪಟ್ಟಣವಾಗಿತ್ತು. ೧೯೯೭ರಲ್ಲಿ ಅದು ತಾನೇ ಜಿಲ್ಲೆಯ ತಲೆಯೂರಾಯಿತು. ಶಿವಮೊಗ್ಗದ ಕಡೆಯಿಂದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದ ಕಡೆಯಿಂದ ಜಗಳೂರೂ ಅದರ ತೆಕ್ಕೆಗೆ ಬಂದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಅನಂತರ ಬೇರೆ ತಾಲ್ಲೂಕಾಯಿತು. ಈ ಊರುಗಳಿಂದ ದಾವಣಗೆರೆಯ ಆಸ್ಪತ್ರೆಗಳಿಗೆ ಬರುವ ರೋಗಿಗಳು ತಮ್ಮ ನೆಲ, ನೀರು, ಬೆಳೆಗಳ ಗುರುತನ್ನು ಮೈಯಲ್ಲೇ ಹೊತ್ತು ತರುತ್ತಾರೆ. ಅದನ್ನು ಓದಲು ಕಲಿಯದ ವಿದ್ಯಾರ್ಥಿಗೆ ಅರಿವಳಿಕೆಯ ವಿದ್ಯೆ ಒಲಿಯದು.

ಅರಿವಳಿಕೆಯೆಂದರೆ ನಿದ್ದೆ ಬರಿಸುವುದೆಂದು ಜನ ತಿಳಿದಿದ್ದಾರೆ. ೧೮೪೬ರಲ್ಲಿ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರಿನ ಮಹಿಮೆಯನ್ನು ಲೋಕಕ್ಕೆ ತೋರಿಸಿದ ಮೇಲೆ ನಿದ್ದೆ ಬರಿಸುವುದು ಕಷ್ಟದ ಮಾತಾಗಿ ಉಳಿದಿಲ್ಲ. ಕಷ್ಟವಿರುವುದು ಉಸಿರನ್ನು ಕಾಯುವುದರಲ್ಲಿ. ಅರಿವು ತಪ್ಪಿದವನ ನಾಲಗೆ ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚುತ್ತದೆ. ಆದುದರಿಂದ ವಿದ್ಯಾರ್ಥಿಯ ಕೈಗೆ ಮೊದಲು ಸಿಗುವುದು ಔಷಧದ ಸೀಸೆಯಲ್ಲ, ಒಂದು ಗೊಂಬೆಯ ಗದ್ದ. ತಲೆಯನ್ನು ಹಿಂದಕ್ಕೆ ಬಾಗಿಸಿ, ಗದ್ದವನ್ನೆತ್ತಿ, ಎಡಗೈಯಿಂದ ಮಾಸ್ಕನ್ನು ಬಿಗಿಹಿಡಿದು, ಬಲಗೈಯಿಂದ ಗಾಳಿಚೀಲವನ್ನು ಹಿಸುಕಬೇಕು. ಗೊಂಬೆಯ ಎದೆ ಏರಿತೋ, ಪಾಠ ಬಂದಂತೆ.

ಚನ್ನಗಿರಿಯ ಸೀಮೆ ಕಣ್ಣಿಗೆ ತಂಪು. ಸೂಳೆಕೆರೆಯ ನೀರಿನ ಹರವು, ಸಂತೇಬೆನ್ನೂರಿನ ಪುಷ್ಕರಿಣಿ, ಸಾಲು ಸಾಲು ಅಡಿಕೆಯ ತೋಟ. ನಾಡಿಗೆ ಹಣ ತಂದ ಬೆಳೆಯಿದು. ಬೆಳೆಯುವವರೆಲ್ಲ ಅಗಿಯುವವರಲ್ಲ, ನಿಜ. ಆದರೆ ಅಡಿಕೆಯನ್ನೋ ಗುಟ್ಕಾವನ್ನೋ ವರ್ಷಗಟ್ಟಲೆ ದವಡೆಯಲ್ಲಿಟ್ಟವರ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುವುದುಂಟು. ಬಾಯಿ ಪೂರ್ತಿ ತೆರೆಯದಾಗುತ್ತದೆ. ಶ್ವಾಸನಾಳಕ್ಕೆ ನಳಿಕೆಯನ್ನಿಳಿಸುವ ವೈದ್ಯನಿಗೆ ಇದಕ್ಕಿಂತ ದೊಡ್ಡ ತೊಡಕಿಲ್ಲ. "ನಿಮ್ಮ ಮೂರು ಬೆರಳು ಬಾಯೊಳಗೆ ಹಿಡಿಸುತ್ತವೆಯೇ, ನೋಡಿ" ಎಂಬ ಸರಳ ಪ್ರಶ್ನೆಯನ್ನು ವಿದ್ಯಾರ್ಥಿ ಹಿಂದಿನ ದಿನವೇ ಕೇಳಬೇಕು. ಒಂದೇ ಬೆರಳು ಹಿಡಿಸಿತೆಂದರೆ, ನಿದ್ದೆ ಬರಿಸಿದ ಮೇಲೆ ಯೋಚಿಸುವಂತಿಲ್ಲ. ರೋಗಿ ಎಚ್ಚರವಿರುವಾಗಲೇ ಮೂಗಿನ ಮೂಲಕ ದಾರಿ ಹುಡುಕಬೇಕಾದೀತು.

ಜಗಳೂರು ಇದಕ್ಕೆ ತೀರ ಬೇರೆ. ಮಳೆ ಕಡಿಮೆ, ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡಕುರಿಗಳು ಅಡ್ಡಾಡುತ್ತವೆ. ಇಲ್ಲಿನ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡಿನ ಅಂಶ, ಲೀಟರಿಗೆ ೧.೫ ಮಿಲಿಗ್ರಾಮೆಂಬ ಮಿತಿಯನ್ನು ಮೀರಿದೆ. ಇಂಥ ನೀರನ್ನು ಬಹುಕಾಲ ಕುಡಿದವರ ಬೆನ್ನುಹುರಿಯ ಸುತ್ತಲಿನ ಕಟ್ಟುಗಳು ಮೂಳೆಯಂತೆ ಗಡುಸಾಗಬಹುದು. ಜರ್ಮನಿಯ ಬೀಯರ್ ೧೮೯೮ರಲ್ಲಿ ತೋರಿಸಿದ, ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವ ವಿಧಾನ ಅಂಥ ಬೆನ್ನಿನಲ್ಲಿ ಸುಲಭವಲ್ಲ. ಸೂಜಿ ಒಳಗಿಳಿಯುವಾಗ ಬೆರಳಿಗೆ ತಟ್ಟುವ ಆ ಸಣ್ಣ ಸಡಿಲಿಕೆಯನ್ನೂ, ಅನಂತರ ತಿಳಿನೀರಿನಂಥ ಹನಿ ಜಿನುಗುವುದನ್ನೂ ಪುಸ್ತಕ ಕಲಿಸಲಾರದು.

ಹೆರಿಗೆಯಲ್ಲಿ ಹೊಟ್ಟೆ ಕೊಯ್ಯಬೇಕಾದಾಗ ಸಾಮಾನ್ಯವಾಗಿ ಬೇಕಾಗುವುದು ಈ ಸೂಜಿಯೇ. ಶಸ್ತ್ರವೈದ್ಯರಿದ್ದೂ ಅರಿವಳಿಕೆ ಬಲ್ಲವರಿಲ್ಲದಿದ್ದರೆ, ತುಂಬು ಬಸುರಿ ಸರಿರಾತ್ರಿಯಲ್ಲಿ ಜಗಳೂರಿನಿಂದ ದಾವಣಗೆರೆಯವರೆಗಿನ ಸುಮಾರು ೫೦ ಕಿಲೋಮೀಟರನ್ನು ನೋವಿನಲ್ಲೇ ಕಳೆಯಬೇಕು. ಎಂ.ಬಿ.ಬಿ.ಎಸ್. ಮುಗಿಸಿದ ಸರ್ಕಾರಿ ವೈದ್ಯರಿಗೆ ೧೮ ವಾರಗಳ ಅರಿವಳಿಕೆ ತರಬೇತಿ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ ರೂಪಿಸಿದ್ದು ಇಂಥ ತಾಯಂದಿರಿಗಾಗಿಯೇ.

ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ಗೊಂಬೆಯ ಪಾಠವೇ ಸಾಕಾದೀತು. ಕಟ್ಟುಹಾವು ಕಚ್ಚಿದವನ ಉಸಿರಾಟದ ಸ್ನಾಯುಗಳು ಸೋತರೆ, ಯಂತ್ರವಿರುವ ಆಸ್ಪತ್ರೆ ಸೇರುವತನಕ ಅವನನ್ನು ಉಳಿಸುವುದು ಗಾಳಿಚೀಲವನ್ನು ಬಿಡದೆ ಹಿಸುಕುವ ಒಂದು ಕೈ.

ನ್ಯಾಮತಿಯ ಕಡೆಯ ಪಾಠ ಮಾತಿನದು. ಸಂತ ಸೇವಾಲಾಲರ ಜನ್ಮಸ್ಥಳವೆನಿಸಿದ ಸೂರಗೊಂಡನಕೊಪ್ಪ ಇಲ್ಲಿಯದು, ಸುತ್ತಲೂ ತಾಂಡಾಗಳು. ಲಂಬಾಣಿ ಮಾತಿನ ಅಜ್ಜಿಗೆ ಮೊಮ್ಮಗಳು ದುಭಾಷಿಯಾಗಬೇಕಾದೀತು. ಅರಿವು ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗಿದರೆ ಪ್ರಾಣಕ್ಕೇ ಸಂಚಕಾರ. ಅದಕ್ಕೆಂದೇ ಶಸ್ತ್ರಚಿಕಿತ್ಸೆಗೆ ಮೊದಲು ಕನಿಷ್ಠ ೬ ಗಂಟೆಯ ಉಪವಾಸ. "ಊಟವಾಯಿತೇ?" ಎಂದು ಕೇಳಿದರೆ ಕನ್ನಡದವರಾದರೂ "ಇಲ್ಲ" ಎನ್ನುತ್ತಾರೆ, ಸುಳ್ಳಲ್ಲ, ಈ ಸೀಮೆಯಲ್ಲಿ ಮಂಡಕ್ಕಿ-ಮೆಣಸಿನಕಾಯಿಯನ್ನು ಊಟವೆಂದು ಎಣಿಸಿದವರಾರು? ಕೊನೆಯ ಬಾರಿ ಬಾಯಿಗೆ ಹಾಕಿಕೊಂಡದ್ದೇನು, ಎಷ್ಟು ಹೊತ್ತಿಗೆ ಎಂದು ಬಿಡಿಸಿ ಕೇಳಬೇಕು. ಆ ೬ ಗಂಟೆಯನ್ನು ಎಣಿಸುವುದು ಮಂಡಕ್ಕಿಯ ಕೊನೆಯ ಹಿಡಿಯಿಂದ.